ಬುಗುರಿ ಸುತ್ತಿನಲ್ಲಿ ಬಿಟ್ಟ ಕೈ

ಮಾಗಡಿ
೨೭ ಜೂನ್ ೧೯೧೨

ಚನ್ನಪಟ್ಟಣದ ಯಜಮಾನರಿಗೆ,

ನೀವು ನನ್ನ ಕೈ ಬಿಟ್ಟಿರಿ. ಕಳೆದ ಶನಿವಾರ ಸಂಜೆ, ಬೆಂಗಳೂರು ದಂಡಿನ ಸ್ಕೇಟಿಂಗ್ ರಿಂಕಿನಲ್ಲಿ, ಮುನ್ನೂರು ಜನರ ಎದುರಿಗೆ, ಜೋಡಿ ಪಂದ್ಯದ ನಡುವೆ ಕೈ ಬಿಟ್ಟಿರಿ. ಕ್ಷೇಮಸಮಾಚಾರ ಆಮೇಲೆ. ಮೊದಲು ಇದು ಕಾಗದದ ಮೇಲೆ ಇರಲಿ.

ಬುಗುರಿ ಸುತ್ತೆಂದರೆ ಏನೆಂದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ಗೊತ್ತಿದ್ದೂ ಮಾಡಿದ ತಪ್ಪು ದೊಡ್ಡದು. ಕಾಲಿಗೆ ಗಾಲಿಜೋಡು ಕಟ್ಟಿಕೊಂಡ ಇಬ್ಬರು ಎದುರುಬದುರು ನಿಂತು, ಎರಡೂ ಕೈ ಹಿಡಿದು, ಮೈಯನ್ನು ಹಿಂದಕ್ಕೆ ಚೆಲ್ಲಿ ಗಿರಗಿರನೆ ತಿರುಗುವುದು. ನನ್ನ ಭಾರ ನಿಮ್ಮ ಕೈಯಲ್ಲಿ, ನಿಮ್ಮ ಭಾರ ನನ್ನ ಕೈಯಲ್ಲಿ. ಅದು ಹನ್ನೊಂದನೆಯ ಸುತ್ತು. ಹನ್ನೆರಡಕ್ಕೆ ಮುಗಿಸಬೇಕಿತ್ತು. ಆಗ ಮಾವನವರು ರಿಂಕಿನ ಬಾಗಿಲಲ್ಲಿ ಕಾಣಿಸಿಕೊಂಡರು. ತಲೆಗೆ ರುಮಾಲು, ಕಂಕುಳಲ್ಲಿ ರಸಬಾಳೆಯ ಚಿಪ್ಪು. ಕಂಡ ಕೂಡಲೇ ನಿಮ್ಮ ಎರಡೂ ಕೈ ಎದೆಯ ಮುಂದೆ ಜೋಡಿಕೊಂಡವು. ಅದುವರೆಗೆ ಆ ಕೈಗಳಲ್ಲಿ ನಾನಿದ್ದೆ.

ಮುಂದಿನದನ್ನು ನೀವು ನೋಡಲಿಲ್ಲವಾದ್ದರಿಂದ ಹೇಳುತ್ತೇನೆ. ನಾನು ಹೋಗಿ ಬ್ಯಾಂಡಿನವರ ದೊಡ್ಡ ಡ್ರಮ್ಮಿಗೆ ಬಿದ್ದೆ. ಬಲಗಾಲು ಚರ್ಮ ಹರಿದುಕೊಂಡು ಒಳಗೆ ಹೋಯಿತು, ಉಳಿದದ್ದು ಹೊರಗೆ ಉಳಿಯಿತು. ಬ್ಯಾಂಡು ನಿಂತಿತು. ಡ್ರಮ್ಮಿನೊಳಗೆ ನನ್ನ ಗಾಲಿಗಳು ಮಾತ್ರ ಇನ್ನೂ ಗರಗರ ತಿರುಗುತ್ತಿದ್ದವು. ಅಲ್ಲಿಂದಲೇ ನೋಡಿದೆ. ನೀವು ನಿಲ್ಲಲಾರದೆ, ಮುಗಿದ ಕೈ ಮುಗಿದ ಹಾಗೆಯೇ, ನೆಲದ ಉದ್ದಕ್ಕೂ ಜಾರಿಕೊಂಡು ಹೋಗಿ ಮಾವನವರ ಪಾದಕ್ಕೆ ಬಿದ್ದಿರಿ. ಅವರು ಗಾಬರಿಯಲ್ಲಿ ನೂರು ಕಾಲ ಬಾಳಪ್ಪ ಎಂದು ಹರಸಿದರು. ಜನರು ಇದೂ ಒಂದು ವರಸೆಯೆಂದು ಚಪ್ಪಾಳೆ ತಟ್ಟಿದರು.

ನೀವು ಒಂದು ಸಲವೂ ಡ್ರಮ್ಮಿನ ಕಡೆ ತಿರುಗಲಿಲ್ಲ.

ಹೆಂಗಸರಿಗೆ ಅಂಗಸಾಧನೆ ಇಲ್ಲದ್ದರಿಂದಲೇ ದೇಶ ಕುಗ್ಗಿದೆಯೆಂದು ಒಂದು ಕಿರುಹೊತ್ತಗೆಯಲ್ಲಿ ಓದಿ ನಾನು ಈ ಕೆಲಸಕ್ಕೆ ಇಳಿದೆ. ಇನ್ನೊಂದು ಕಾರಣವೂ ಇತ್ತು. ರಿಂಕಿನಲ್ಲಿ ಗಂಡಸು ಹಿಮ್ಮುಖವಾಗಿ ಸರಿಯುತ್ತಾನೆ, ಹೆಂಗಸು ಮುಂದೆ ನೋಡಿ ದಾರಿ ಹೇಳುತ್ತಾಳೆ. ಮೈಸೂರು ಸೀಮೆಯಲ್ಲಿ ಅಂಥ ಜಾಗವನ್ನು ನಾನು ಬೇರೆ ಕಂಡಿಲ್ಲ. ಅಲ್ಲಿಯೂ ಹೀಗಾದರೆ ನಾನು ಎಲ್ಲಿಗೆ ಹೋಗಲಿ? ಸದ್ಯಕ್ಕೆ ತವರಿಗೆ ಬಂದಿದ್ದೇನೆ. ಕಾಲು ಉಳುಕಿದೆ. ಅಮ್ಮ ಸುಣ್ಣಬೆಲ್ಲದ ಪಟ್ಟು ಹಾಕಿದ್ದಾರೆ.

ಇಂತು,
ಕೈ ಬಿಡಲ್ಪಟ್ಟ
ಗಿರಿಜಾಂಬ


ಚನ್ನಪಟ್ಟಣ
೬ ಜುಲೈ ೧೯೧೨

ಚಿ. ಸೌ. ಗಿರಿಜಾಂಬಳಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮಳೆಗೆ ಲಕ್ಕೋಟೆಯ ಅಂಟು ಬಿಟ್ಟಿತ್ತು. ಪೋಸ್ಟ್ ಮಾಸ್ತರ್ ಮುನಿರಾಮಯ್ಯನವರು ಅದನ್ನು ಕೈಗೆ ಕೊಡುವಾಗಲೇ, ಡ್ರಮ್ಮು ಎಷ್ಟು ಅಗಲವಿತ್ತು ಎಂದು ಕೇಳಿದರು.

ತಪ್ಪು ನನ್ನದೇ. ಆದರೆ ಕೈ ನನ್ನ ಮಾತು ಕೇಳಿ ಹಾಗೆ ಮಾಡಲಿಲ್ಲ. ಅಪ್ಪಾಜಿ ಬಾಗಿಲಿಗೆ ಬಂದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಎದ್ದು ಕೈ ಮುಗಿಯಬೇಕೆಂದು ಹುಟ್ಟಿದಾಗಿನಿಂದ ಕಲಿತ ಕೈ ಇವು. ಅವತ್ತು ಕೆಳಗಿಡುವಷ್ಟು ಹೊತ್ತು ಇರಲಿಲ್ಲ.

ಅವರು ಅಲ್ಲಿಗೆ ಬಂದದ್ದು ಹೇಗೆಂದು ತಿಳಿಯಿತು. ನಾವು ಎಂಟು ತಿಂಗಳಿಂದ ಶನಿವಾರ ಶನಿವಾರ ದಂಡಿನ ಲೇಡಿ ಡಾಕ್ಟರ ಹತ್ತಿರ ಮಕ್ಕಳಾಗುವ ಔಷಧಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿದ್ದೆವಲ್ಲ. ಅಪ್ಪಾಜಿ ಆ ಡಾಕ್ಟರಮ್ಮನಿಗೆ ಬಾಳೆಹಣ್ಣು ಕೊಟ್ಟು ಬರೋಣವೆಂದು ಹೊರಟು, ವಿಳಾಸ ಕೇಳಲು, ದಂಡಿಗೆ ಸರಕು ಕಳಿಸುವ ಮೆಹಬೂಬನ ಬಳಿ ಹೋದರು. ಗೊಂಬೆ ಕಡೆಯುವವನು ಸುಳ್ಳು ಕಡೆಯಲು ಕಲಿತಿಲ್ಲ. ರಿಂಕಿಗೆ ತಾನು ಗಾಲಿ ಕಳಿಸುವ ವಿಳಾಸವನ್ನೇ ಕೊಟ್ಟ. ಆ ಡಾಕ್ಟರಮ್ಮ ಯಾರ ಯೋಚನೆಯಲ್ಲಿ ಹುಟ್ಟಿದವಳು ಎಂದು ನಾನು ಬರೆಯುವುದಿಲ್ಲ.

ನೀನಿಲ್ಲದೆ ಹಳೆಯದೆಲ್ಲ ನೆನಪಾಗುತ್ತಿದೆ. ಮೆಹಬೂಬನಿಗೆ ಅರಗು ಮಾರುವ ನಾನು, ಅವನ ಜೊತೆ ರಿಂಕಿಗೆ ಗಾಲಿ ಮುಟ್ಟಿಸಲು ಹೋಗಿ ಸುಮ್ಮನೆ ಕಾಲಿಗೆ ಕಟ್ಟಿ ನೋಡಿದ್ದು. ಬಂದು ನಿನಗೆ ಹೇಳಿದ್ದು. ನೀನು ಮಾರನೆಯ ದಿನವೇ ಕಚ್ಚೆ ಹಾಕಿ ಮರಿಯಪ್ಪನವರ ಛತ್ರದ ಗಾರೆ ನೆಲದ ಮೇಲೆ ನಿಂತದ್ದು. ಡಿಸೆಂಬರಿನ ಪಂದ್ಯದಲ್ಲಿ ಎಂಟರ ಅಂಕಿ ಬಿಡಿಸಿರೆಂದಾಗ ನಾವು ನಮ್ಮ ಕನ್ನಡದ ೮ ಬಿಡಿಸಿದ್ದು, ಗಾಲಿಗೆ ಹಚ್ಚಿದ್ದ ಮೆಹಬೂಬನ ಕೆಂಪು ಹಸಿರು ಅರಗು ಕಾದು ನೆಲಕ್ಕೆ ಹತ್ತಿ ಅದು ಎಲ್ಲರಿಗೂ ಸ್ಪಷ್ಟವಾಗಿ ಕಂಡದ್ದು. ಏಳು ಜೋಡಿಯಲ್ಲಿ ಏಳನೆಯವರಾದೆವು. ಮಾರ್ಚಿನಲ್ಲಿ ನಾಲ್ಕನೆಯವರು. ಅವತ್ತು ಹನ್ನೊಂದನೆಯ ಸುತ್ತಿನವರೆಗೆ ನಾವೇ ಮೊದಲಿದ್ದೆವಂತೆ.

ಅಕ್ಟೋಬರ್ ಹನ್ನೆರಡಕ್ಕೆ ಕಡೆಯ ಪಂದ್ಯ. ಆಮೇಲೆ ಆ ಕಟ್ಟಡದಲ್ಲಿ ಚಲಿಸುವ ಚಿತ್ರದ ಬಯಾಸ್ಕೋಪು ಹಾಕುತ್ತಾರಂತೆ. ಕೈ ಬಿಟ್ಟ ಜೋಡಿಯನ್ನು ಮತ್ತೆ ಸೇರಿಸಿಕೊಳ್ಳಬೇಕಾದರೆ ಇಬ್ಬರೂ ಒಂದೇ ಅರ್ಜಿಗೆ ರುಜು ಹಾಕಬೇಕು.

ಅಪ್ಪಾಜಿ ಮಾತು ಬಿಟ್ಟಿದ್ದಾರೆ. ಅವರು ಬಂದಾಗ ನಾನು ಎದ್ದು ನಿಲ್ಲುತ್ತೇನೆ. ಕೂತ್ಕೋ ಎನ್ನುವುದಿಲ್ಲ. ನಿಂತೇ ಇರುತ್ತೇನೆ.

ಇಂತು,
ಗವಿಸಿದ್ದಯ್ಯ


ಮಾಗಡಿ
೧೬ ಜುಲೈ ೧೯೧೨

ಯಜಮಾನರಿಗೆ,

ಬರೆಯುವುದಿಲ್ಲ ಎಂದು ಬರೆದೇ ಬರೆದಿದ್ದೀರಿ. ಸರಿ, ಡಾಕ್ಟರಮ್ಮ ನನ್ನ ಯೋಚನೆ. ಸತ್ಯವೊಂದೇ ಸ್ತ್ರೀಗೆ ಒಡವೆ ಎನ್ನುವ ಕರಪತ್ರವನ್ನು ಗೋಡೆಗೆ ಅಂಟಿಸಿಕೊಂಡವಳು ಎಂಟು ತಿಂಗಳು ಸುಳ್ಳು ಹೇಳಿದೆ. ಮಾವನವರ ಮುಖ ನೆನೆದರೆ ಡ್ರಮ್ಮಿಗೆ ಬಿದ್ದದ್ದೇ ಮೇಲು ಎನಿಸುತ್ತದೆ.

ಆದರೆ ಅದು ಬೇರೆ ಮೊಕದ್ದಮೆ. ಇದು ಬೇರೆ.

ಮದರಾಸಿನಿಂದ ಬಂದ ಒಂದು ಪುಸ್ತಕದಲ್ಲಿ ಓದಿದ್ದೇನೆ: ದಾಸ್ಯ ಮನಸ್ಸಿನಲ್ಲಿ ಹುಟ್ಟುವುದಿಲ್ಲ, ಮೈಯ ರೂಢಿಯಲ್ಲಿ ಹುಟ್ಟುತ್ತದೆ. ಕೈ ತಾನಾಗಿ ಎದ್ದಿತು ಎನ್ನುತ್ತೀರಲ್ಲ, ಅದೇ ರೋಗದ ಲಕ್ಷಣ. ರೂಢಿಯನ್ನು ರೂಢಿಯಿಂದಲೇ ಮುರಿಯಬೇಕು. ಆದ್ದರಿಂದ, ನಿಮ್ಮ ಕಾಗದ ಬರುವ ಮೊದಲೇ, ಈ ತಿಂಗಳ ಮೊದಲನೆಯ ತಾರೀಖಿನಿಂದ ನಾನು ಯಾರಿಗೂ ಕೈ ಮುಗಿಯುವುದಿಲ್ಲವೆಂದು ವ್ರತ ಹಿಡಿದಿದ್ದೇನೆ. ಗೌರವ ಮನಸ್ಸಿನಲ್ಲಿರಲಿ. ಬಂದವರಿಗೆ ಬನ್ನಿ ಎನ್ನುತ್ತೇನೆ, ಕೈ ಕಟ್ಟಿ ನಿಲ್ಲುತ್ತೇನೆ. ಇವಳು ಠಾಣೆಯ ಪೇದೆಯ ಹಾಗೆ ನಿಲ್ಲುತ್ತಾಳೆ ಎಂದು ಅಪ್ಪ ಅಮ್ಮನ ಹತ್ತಿರ ದೂರುತ್ತಾರೆ. ಎರಡು ವಾರ ಆಯಿತು, ಒಂದು ಸಲವೂ ತಪ್ಪಿಲ್ಲ. ಹೆಂಗಸೊಬ್ಬಳಿಗೆ ಆಗುವುದು ನಿಮಗೆ ಏಕೆ ಆಗಬಾರದು?

ಯಾರು ಬಂದರೂ ನಿನ್ನ ಕೈ ಬಿಡುವುದಿಲ್ಲ ಎಂದು ಬರೆದು ಕಳಿಸಿ. ಅದು ಬಂದ ದಿನ ಅರ್ಜಿಗೆ ರುಜು ಹಾಕುತ್ತೇನೆ, ಗಾಡಿ ಕಟ್ಟಿಸುತ್ತೇನೆ. ಬರುವವರೆಗೆ ಇಲ್ಲೇ ಇರುತ್ತೇನೆ. ಕಾಲು ವಾಸಿಯಾಗಿದೆ ಎಂದು ಇದರಲ್ಲಿ ಬರೆಯುತ್ತಿಲ್ಲ.

ಇಂತು,
ಗಿರಿಜಾಂಬ


ಚನ್ನಪಟ್ಟಣ
೯ ಆಗಸ್ಟ್ ೧೯೧೨

ಚಿ. ಸೌ. ಗಿರಿಜಾಂಬಳಿಗೆ ಮಾವ ಕಾಡಸಿದ್ದಪ್ಪ ಮಾಡುವ ಆಶೀರ್ವಾದ.

ಹೇಳೋನು ನಾನು, ಬರೆಯೋನು ಮುನಿರಾಮಯ್ಯ. ಹೇಳ್ದಂಗೇ ಬರಿ, ತಿದ್ದಬ್ಯಾಡ ಅಂದಿವ್ನಿ.

ನೀನು ಮುನಿಸ್ಕಂಡು ಹೋದೆ. ನಿನ್ನ ಗಂಡ ಅದುಕ್ಕೆ ಮೂರೊತ್ತೂ ಕಾಗದ ಓದ್ಕಂಡು ಕುಂತವ್ನೆ. ನನ್ನ ಮುನಿಸು ಯಾರವ್ವ ಕೇಳೋರು? ಆ ಡಾಕ್ಟರಮ್ಮನ್ನ ನಂಬ್ಕಂಡು ಕೆಂಗಲ್ ಹನುಮಂತರಾಯನ ಮುಂದೆ ನಿಂತು, ಮೊಮ್ಮಗು ಮುಖ ನೋಡೋಗಂಟ ನಶ್ಯ ಮುಟ್ಟಕಿಲ್ಲ ಅಂತ ಹರಕೆ ಹೊತ್ತೆ. ಮನೇಲಿ ಯಾರಿಗೂ ಹೇಳ್ಲಿಲ್ಲ. ಅಂಗಡೀಲಿ ಕುಂತ್ರೆ ಮೂಗು ನಂದಲ್ಲ ಅನ್ನುಸ್ತದೆ. ಈಗ ನೋಡುದ್ರೆ ಡಾಕ್ಟರಮ್ಮನೇ ಇಲ್ಲ. ಡಾಕ್ಟರಮ್ಮ ಸುಳ್ಳಾದ್ರೆ ಹರಕೆ ಸುಳ್ಳಾಯ್ತದಾ? ದೇವ್ರೇನು ನಿಮ್ಮ ಜೊತೆ ಸೇರ್ಕಂಡಿದ್ನಾ? ಅದುಕ್ಕೇ ಇನ್ನೂ ಮುಟ್ಟಿಲ್ಲ.

ಅವತ್ತು ಬಾಗ್ಲಲ್ಲಿ ನಿಂತಾಗ ಒಸಿ ಹೊತ್ತು ನಿಮ್ಮ ಗುರುತೇ ಹತ್ನಿಲ್ಲ. ಯಾರೋ ಇಬ್ರು ಮೆಹಬೂಬ ಕಡೆದ ಬುಗುರಿ ತಿರುಗ್ದಂಗೆ ತಿರುಗ್ತಾವ್ರೆ, ಚೆನ್ನಾಗಿ ತಿರುಗ್ತಾವ್ರಲ್ಲ ಅಂತ ನಿಂತು ನೋಡ್ದೆ. ಆಮೇಲೆ ನೋಡುದ್ರೆ ಸೀರೆ ನಮ್ಮನೇದು. ಅಷ್ಟರಲ್ಲಿ ಅವನು ಕೈ ಮುಗ್ದ. ಅಲ್ಲಿದ್ದೋರ್ಗೆಲ್ಲ ನೀನು ಡ್ರಮ್ಮಲ್ಲಿ ಬಿದ್ಮೇಲೆ ಕಂಡೆ. ನೀನು ಹಾರಿದ್ದನ್ನ ಪೂರಾ ನೋಡ್ದೋನು ನಾನೊಬ್ನೇ. ಅವನು ನನ್ನ ನೋಡ್ತಿದ್ದ, ನಾನು ನಿನ್ನ ನೋಡ್ತಿದ್ದೆ. ನನ್ನ ಎದೆ ಒಡ್ದೋಯ್ತು ಕಣವ್ವ. ಬಾಳೆಹಣ್ಣು ಅಲ್ಲೇ ಬುಟ್ಬಂದೆ.

ಅಕ್ಟೋಬರ್ ಪಂದ್ಯಕ್ಕೆ ನಾನು ಬತ್ತೀನಿ. ಮುಂದಿನ ಸಾಲಲ್ಲಿ ಕುತ್ಕತ್ತೀನಿ. ನಿನ್ನ ಗಂಡ, ಕಂಬದ ಹಿಂದೆ ನಿಂತು ನೋಡಿ ಅಪ್ಪಾಜಿ ಅಂದ. ನಾನೇನು ಕಳ್ಳನಾ? ಬಚ್ಚಿಡೋದು ಎಂಟು ತಿಂಗಳಾಯ್ತಲ್ಲ, ಅಷ್ಟು ಸಾಕು. ನಾನು ಮುಂದೆ ಕುಂತಿರ್ಬೇಕು, ನೀವು ತಿರುಗ್ಬೇಕು, ನೀನು ಬೀಳ್ಕೂಡ್ದು. ಹೆಂಗೆ ಅನ್ನೋದು ನಂಗೊತ್ತಿಲ್ಲ. ಓದ್ದೋಳು ನೀನು.

ಇಂತು,
ಕಾಡಸಿದ್ದಪ್ಪ

ಬರೆದವನ ಒಂದು ಮಾತು: ಮಾಗಡಿಯಲ್ಲಿ ಒಳ್ಳೆಯ ನಶ್ಯ ಸಿಗುತ್ತದೆಯೆಂದು ಕೇಳಿದ್ದೇನೆ. ಹರಕೆ ಅವರದು, ನನ್ನದಲ್ಲ. — ಮುನಿರಾಮಯ್ಯ


ಚನ್ನಪಟ್ಟಣ
೨೫ ಆಗಸ್ಟ್ ೧೯೧೨

ಚಿ. ಸೌ. ಗಿರಿಜಾಂಬಳಿಗೆ ಆಶೀರ್ವಾದಗಳು.

ಅಪ್ಪಾಜಿಯ ಕಾಗದಕ್ಕೂ ನೀನು ಉತ್ತರ ಬರೆದಿಲ್ಲ. ಆದರೂ ಇಲ್ಲಿ ನಡೆದದ್ದನ್ನು ಹೇಳಬೇಕು.

ರೂಢಿಯನ್ನು ರೂಢಿಯಿಂದ ಮುರಿಯಬೇಕೆಂದು ಬರೆದಿದ್ದೆ. ಹಾಗೆಯೇ ಮಾಡಿದೆವು. ಮೆಹಬೂಬ್ ಎರಡು ಕಡೆ ಹಿಡಿ ಇರುವ ಒಂದು ಮರದ ದಂಡ ಕಡೆದು, ನಿನ್ನ ಸೀರೆಯ ಬಣ್ಣದ ಅರಗು ಹಚ್ಚಿ ಕೊಟ್ಟ. ನಾನು ಛತ್ರದಲ್ಲಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗುವುದು, ಹಿರಿಯರೊಬ್ಬರು ಹೇಳದೆ ಕೇಳದೆ ಬಾಗಿಲಿಗೆ ಬರುವುದು. ಮೊದಲ ದಿನ ಮೆಹಬೂಬನ ತಾಯಿ ಶರ್ಫುನ್ನೀಸಾ ಬಂದರು. ದಂಡ ಹೋಗಿ ಕಂಬಕ್ಕೆ ಬಡಿಯಿತು. ಆಕೆ ಅದನ್ನು ಎತ್ತಿ ಸೆರಗಿನಿಂದ ಒರೆಸಿ, "ಪಾಪ, ಬಹೂಗೆ, ನಮ್ಮ ಸೊಸೆಗೆ, ಪೆಟ್ಟಾಯ್ತೇನಪ್ಪಾ" ಎಂದರು. ಎರಡನೆಯ ದಿನ ಮರಿಯಪ್ಪನವರು. ಕಿಟಕಿಯಿಂದಾಚೆ ಹೋಯಿತು. ದಿನಕ್ಕೆ ಹತ್ತು ಸಲದಂತೆ ಮೂರು ವಾರ ಮಾಡಿದ ಮೇಲೆ ಕೈ ಒಂದಿಷ್ಟು ಬುದ್ಧಿ ಕಲಿಯಿತು. ಮುನಿರಾಮಯ್ಯನವರು ಬಂದಾಗ ಬಿಡಲೇ ಇಲ್ಲ. ಅವರಿಗೆ ಅದರಿಂದ ಬೇಸರವಾಗಿದೆ. ಇಷ್ಟು ವರ್ಷದ ವಿಶ್ವಾಸಕ್ಕೆ ಒಂದು ನಮಸ್ಕಾರವೂ ಇಲ್ಲವಾಯಿತೇ ಎಂದು ಮೆಹಬೂಬನ ಹತ್ತಿರ ಹೇಳಿಕೊಂಡರಂತೆ.

ಕಡೆಗೆ ಅಪ್ಪಾಜಿ ಬಂದರು. ನಾಲ್ಕು ಸಲ ಹೊರಗೆ ಹೋಗಿ ನಾಲ್ಕು ಸಲ ಒಳಗೆ ಬಂದರು. ನಾಲ್ಕು ಸಲವೂ ಬಿಟ್ಟೆ. ನಾಲ್ಕನೆಯದಕ್ಕೆ ದಂಡ ಮುರಿಯಿತು. ಅಪ್ಪಾಜಿ ಎರಡು ತುಂಡನ್ನೂ ನೋಡಿದರು. "ಇದು ನನ್ನ ಸೊಸೆ ಆಗಿದ್ರೆ ಏನ್ಲಾ ಮಾಡ್ತಿದ್ದೆ" ಎಂದು ಕೇಳಿ, ಉತ್ತರ ಕಾಯದೆ ಹೋದರು. ಎರಡು ತಿಂಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು ಅದು.

ಆದ್ದರಿಂದ ನೀನು ಕೇಳಿದ್ದನ್ನು ನಾನು ಬರೆದು ಕೊಡಲಾರೆ. ಬರೆದರೆ ಇನ್ನೊಬ್ಬಳು ಡಾಕ್ಟರಮ್ಮ ಹುಟ್ಟಿದ ಹಾಗೆ. ಅಪ್ಪಾಜಿಗೆ ಕೈ ಮುಗಿಯದೆ ಇರಲು ನನಗೆ ಬರುವುದಿಲ್ಲ. ನಿಜ ಹೇಳಿದರೆ, ಮುಗಿಯದೆ ಇರಬೇಕೆಂಬ ಆಸೆಯೂ ಇಲ್ಲ. ನಿನ್ನ ಕೈ ಬಿಡಬೇಕೆಂಬ ಆಸೆ ಮೊದಲೇ ಇಲ್ಲ. ಇರುವುದು ಎರಡೇ ಕೈ.

ಇನ್ನೊಂದು. ಡ್ರಮ್ಮಿನ ಕಡೆ ನೋಡಲಿಲ್ಲ ಎಂದು ಬರೆದಿದ್ದೆ. ನೋಡಿದರೆ ಏನು ಕಾಣುವುದೋ ಎಂದು ಹೆದರಿದೆ.

ಇಂತು,
ಗವಿಸಿದ್ದಯ್ಯ


ಚನ್ನಪಟ್ಟಣ
೧೫ ಸೆಪ್ಟೆಂಬರ್ ೧೯೧೨
(ಕಾರ್ಡು)

ಆಶೀರ್ವಾದಗಳು. ಅರ್ಜಿ ಕೊಡಲು ಅಕ್ಟೋಬರ್ ಐದು ಕಡೆಯ ದಿನ. ನನ್ನ ರುಜು ಹಾಕಿದ್ದೇನೆ, ನಿನ್ನ ಜಾಗ ಖಾಲಿ ಇದೆ. ಹೊಸ ಗಾಲಿಗಳಿಗೆ ಮೆಹಬೂಬ್ ಅರಗು ಹಚ್ಚಿಲ್ಲ. ನಿನ್ನ ಕಾಲಿನ ಅಳತೆ ಮರೆಯದೆ ಇಟ್ಟುಕೊಂಡಿದ್ದಾನೆ. ಕಾರ್ಡಾದ್ದರಿಂದ ಹೆಚ್ಚು ಬರೆಯುವುದಿಲ್ಲ. ಎಲ್ಲರೂ ಕ್ಷೇಮ. ಇದನ್ನು ಓದುತ್ತಿರುವ ಮುನಿರಾಮಯ್ಯನವರೂ ಕ್ಷೇಮ.

ಗವಿಸಿದ್ದಯ್ಯ


ಮಾಗಡಿ
೨೩ ಸೆಪ್ಟೆಂಬರ್ ೧೯೧೨

ಯಜಮಾನರಿಗೆ ನಮಸ್ಕಾರಗಳು.

ಹೌದು, ನಮಸ್ಕಾರಗಳು. ವ್ರತ ಮುರಿಯಿತು. ಹೇಗೆಂದು ಹೇಳುತ್ತೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ನಾನು ಅಲ್ಲಿಗೆ ಬಂದ ಮೇಲೆ ನಗಕೂಡದು.

ಗುರುವಾರ ಮಠದ ಅಯ್ಯನವರು ನಮ್ಮ ಮನೆಗೆ ಪ್ರಸಾದಕ್ಕೆ ಬಂದರು. ನನಗೆ ಅಕ್ಷರ ಕಲಿಸಿದವರು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ನಿಂತು ಕೈ ಮುಗಿದರು. ನಾನು ಮಾತ್ರ ಅಡುಗೆಮನೆಯಲ್ಲಿ ಉಳಿದೆ. ಗೋಡೆಯಾಚೆ ಇದ್ದರೆ ವ್ರತ ಸುಲಭ. ಊಟದ ಹೊತ್ತಿಗೆ ಅಮ್ಮ ತುಪ್ಪ ತಾ ಎಂದು ಕೂಗಿದರು. ಎರಡು ತಿಂಗಳು ಕೂಡಿಟ್ಟ ಬೆಣ್ಣೆ ಕಾಸಿದ ತುಪ್ಪ, ಗಡಿಗೆಯ ಕಂಠದವರೆಗೆ ಇತ್ತು. ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿದೆ. ಅಯ್ಯನವರು ತಲೆಯೆತ್ತಿ, "ಕಾಲು ವಾಸಿಯಾಯ್ತಾ ಗಿರಿಜವ್ವ" ಎಂದರು. ಅಷ್ಟೇ. ನೋಡಿದರೆ ನನ್ನ ಎರಡೂ ಕೈ ಎದೆಯ ಮುಂದಿದ್ದವು.

ಗಡಿಗೆ ಎಲ್ಲಿತ್ತು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮ ತುಪ್ಪವನ್ನು ನೋಡಿದರು, ನನ್ನನ್ನು ನೋಡಿದರು. "ಮೂರು ತಿಂಗ್ಳು ಗಂಡನ್ನ ಬೈದು ಕಾಗ್ದ ಬರೆದ್ಯಲ್ಲ, ಈಗ ಯಾರ್ಗೆ ಬರೀತೀಯೆ" ಎಂದರು. ಇಬ್ಬರೂ ಒರೆಸಲು ಕೂತೆವು. ತುಪ್ಪದ ನೆಲ ರಿಂಕಿಗಿಂತ ನುಣುಪು. ಏಳಲು ಹೋಗಿ ಅಮ್ಮ ಜಾರಿದರು, ಹಿಡಿಯಲು ಹೋಗಿ ನಾನೂ ಜಾರಿದೆ. ಅವರ ಒಂದು ಕೈ ನನ್ನ ಒಂದು ಕೈಯಲ್ಲಿ ಬಿಗಿಯಾಗಿತ್ತು. ಅವರ ಇನ್ನೊಂದು ಕೈಯೂ ನನ್ನ ಇನ್ನೊಂದು ಕೈಯೂ ಅಂಗೈಗೆ ಅಂಗೈ ಒತ್ತಿ ನೆಟ್ಟಗೆ ನಿಂತಿದ್ದವು. ಹಾಗೆ ಒಬ್ಬರನ್ನೊಬ್ಬರು ಒತ್ತಿಕೊಂಡೇ ಎದ್ದೆವು. ಅಯ್ಯನವರು ಅದನ್ನೇ ನಮಸ್ಕಾರವೆಂದು ತಿಳಿದು ಇಬ್ಬರಿಗೂ ವಿಭೂತಿ ಕೊಟ್ಟರು.

ನಾನು ನನ್ನ ಅಂಗೈಯನ್ನು ತುಂಬ ಹೊತ್ತು ನೋಡುತ್ತ ಕೂತೆ.

ಗಮನವಿಟ್ಟು ಓದಿ. ಬುಗುರಿ ಸುತ್ತಿನಲ್ಲಿ ನಿಮ್ಮ ಎಡಗೈ ನನ್ನ ಬಲಗೈಯನ್ನು ಹಿಡಿದಿರುತ್ತದೆ. ಅದು ಹಾಗೆಯೇ ಇರಲಿ, ಭಾರವೆಲ್ಲ ಅಲ್ಲಿ. ಮಾವನವರು ಕಂಡ ಕೂಡಲೇ ನಿಮ್ಮ ಬಲ ಅಂಗೈ ಮೇಲೆ ಏಳಲಿ, ತಡೆಯಬೇಡಿ. ನನ್ನ ಎಡ ಅಂಗೈ ಬಂದು ಅದಕ್ಕೆ ಕೂಡುತ್ತದೆ. ಅರ್ಧ ನಿಮ್ಮದು, ಅರ್ಧ ನನ್ನದು, ಇಬ್ಬರಿಂದ ಒಂದು ನಮಸ್ಕಾರ. ತಿರುಗುತ್ತಲೇ ಮಾಡಬಹುದು. ಒಬ್ಬರು ಕೈ ತೆಗೆದರೆ ಅದು ನಮಸ್ಕಾರವೂ ಅಲ್ಲ, ಸುತ್ತೂ ಅಲ್ಲ. ಇದು ನಾನು ಓದಿದ ಯಾವ ಕರಪತ್ರದಲ್ಲಿಯೂ ಇಲ್ಲ. ಬಯಾಸ್ಕೋಪು ಬಂದ ಮೇಲೆ ಪುರುಸೊತ್ತಾದಾಗ ನಾನೇ ಒಂದು ಬರೆಯಬೇಕು.

ನನ್ನ ಅರ್ಧವನ್ನು ಏಕೆ ಕೊಡುತ್ತೇನೆಂದು ಮಾವನವರಿಗೆ ನಾನೇ ಹೇಳುತ್ತೇನೆ. ಎಂಟು ತಿಂಗಳ ಬಾಕಿ ನಮಸ್ಕಾರ ಅದು. ಅವರ ನಶ್ಯದ ವಿಚಾರದಲ್ಲಿ ನನಗೆ ದಾರಿ ಕಾಣುವುದಿಲ್ಲ. ಮಗು ತನಗೆ ಬೇಕಾದಾಗ ಬರುತ್ತದೆ. ಅದಕ್ಕೂ ಡಾಕ್ಟರಮ್ಮನಿಗೂ ಸಂಬಂಧವಿಲ್ಲವೆಂದು ಕೆಂಗಲ್ ಹನುಮಂತರಾಯನ ಮುಂದೆ ಒಪ್ಪಿಕೊಂಡು ಬರುತ್ತೇನೆ. ಹೇಗೂ ದಾರಿಯಲ್ಲೇ ಇದ್ದಾನೆ. ಮುನಿರಾಮಯ್ಯನವರಿಗೆ ಒಂದು ಡಬ್ಬಿ ನಶ್ಯ ತರುತ್ತಿದ್ದೇನೆ. ಮಾವನವರ ಎದುರಿಗೆ ಏರಿಸಕೂಡದೆಂದು ಇಲ್ಲಿಯೇ ಬರೆದಿದ್ದೇನೆ, ಓದಿರುತ್ತಾರೆ.

ಭಾನುವಾರ ಅಪ್ಪನ ಗಾಡಿಯಲ್ಲಿ ಕ್ಲೋಸ್‌ಪೇಟೆಯ ಚಿಕ್ಕಮ್ಮನ ಮನೆಗೆ ಬರುತ್ತೇನೆ. ಮಾರನೆಯ ದಿನ ಕೋಳಿ ಕೂಗುವ ಮೊದಲೇ ಅಲ್ಲಿಂದ ಹೊರಡುತ್ತೇನೆ. ನೇರ ಮನೆಗೆ ಬರುವುದಿಲ್ಲ. ಮನೆಯೋ ಮಾಗಡಿಯೋ ಎನ್ನುವುದು ಸುತ್ತು ಮುಗಿದ ಮೇಲೆ. ಅರ್ಜಿಯನ್ನೂ ಮಸಿಯನ್ನೂ ತಂದಿರಿ. ಮಾವನವರಿಗೆ ಮೊದಲೇ ಚಾಪೆ ಹಾಸಿ ಕೂರಿಸಬೇಡಿ. ಅವರಿಗೆ ಇಷ್ಟ ಬಂದಾಗ, ಇಷ್ಟ ಬಂದ ಬಾಗಿಲಿನಿಂದ ಬರಲಿ.

ನನ್ನ ಕಾಲು ಜುಲೈಯಲ್ಲೇ ವಾಸಿಯಾಗಿತ್ತು.

ಸೋಮವಾರ, ಸೆಪ್ಟೆಂಬರ್ ಮೂವತ್ತು, ಬೆಳಿಗ್ಗೆ ಏಳು ಗಂಟೆಗೆ, ಮರಿಯಪ್ಪನವರ ಛತ್ರದಲ್ಲಿ, ಗಾಲಿಜೋಡು ಕಟ್ಟಿಕೊಂಡು ನಿಂತಿರಿ.

ಗಿರಿಜಾಂಬ